ಹೆಪ್ಪು ಕೇಳಲು ಬಂದವಳು

ಆಗಿನ ಮಳೆಗಾಲಕ್ಕೆ ಒಂದು ವಾಸನೆ ಇತ್ತು. ಎರೆ ಮಣ್ಣು ನೆನೆದ ವಾಸನೆ, ಒಲೆಯ ಪಕ್ಕ ಒಣಗಲು ಇಟ್ಟ ಸಗಣಿ ಕುಳ್ಳಿನ ವಾಸನೆ, ಅದರ ಮೇಲೆ ಗಣಪನ ಕಡುಬಿನ ತುಪ್ಪದ ಘಮ. ಮೊನ್ನೆ ಬೈಲಹೊಂಗಲದ ಆಸ್ಪತ್ರೆಯಲ್ಲಿ ಮೊಮ್ಮಗಳ ಮುಖ ನೋಡಿ ಬಂದಾಗಿನಿಂದ ನನಗೆ ಕುಂತಲ್ಲಿ ಕೂಡಲಾಗುತ್ತಿಲ್ಲ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನನ್ನ ಮಗಳ ಮಡಿಲು ತುಂಬಿದೆ. ಪೇಢೆ ಕೊಂಡು ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹಂಚಿದೆ, ಕಂಡಕ್ಟರನಿಗೆ ಎರಡು ಕೊಟ್ಟೆ. ಅಷ್ಟು ಸಂತೋಷದ ನಡುವೆ ಆ ಹಳೆಯ ವಾಸನೆ ಎದ್ದು ಬಂತು.

ನನಗಾಗ ಆರೋ ಏಳೋ ವರ್ಷ. ಸಿರಸಂಗಿಯ ಹತ್ತಿರದ ಎರಡು ಊರು, ನಡುವೆ ಒಂದು ಹಳ್ಳ. ಆಚೆ ದಂಡೆಯ ಊರಿನಲ್ಲಿ ನನ್ನನ್ನು ಹೆತ್ತ ಅವ್ವ, ಈಚೆ ಊರಿನಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವ್ವನಿಗೆ ಮೂರೂ ಹೆಣ್ಣು. ಆ ವರ್ಷ ಬೇಸಿಗೆಯಲ್ಲಿ ನಡುವಿನವಳಾದ ನನ್ನನ್ನು ದೊಡ್ಡವ್ವನ ಉಡಿಯಲ್ಲಿ ಹಾಕಿದರು. ಅಂದಿನಿಂದ ದೊಡ್ಡವ್ವನನ್ನು ಅವ್ವ ಅನ್ನಬೇಕು, ಅವ್ವನನ್ನು ಚಿಗವ್ವ ಅನ್ನಬೇಕು. ಒಂದು ವರ್ಷ ಹೆತ್ತವಳು ಮುಖ ತೋರಿಸಬಾರದು, ತೋರಿಸಿದರೆ ಕೂಸು ಹೊಸ ಮನೆಗೆ ಒಗ್ಗುವುದಿಲ್ಲ ಎಂದು ಹಿರಿಯರು ಮಾತಾಡಿಕೊಂಡಿದ್ದರು.

ದೊಡ್ಡವ್ವ ನನ್ನನ್ನು ಕಣ್ಣಲ್ಲಿ ಇಟ್ಟು ಸಾಕಿದಳು. ಆ ಮನೆಯಲ್ಲಿ ಎಮ್ಮೆ ಇತ್ತು, ರೊಟ್ಟಿಯ ಮೇಲೆ ಬೆಣ್ಣೆ ಇತ್ತು, ನನ್ನೊಬ್ಬಳಿಗೇ ಹೊದೆಯಲು ಒಂದು ಕೌದಿ ಇತ್ತು. ಆದರೂ ನನ್ನ ಹೊಟ್ಟೆಯಲ್ಲಿ ಒಂದೇ ಪ್ರಶ್ನೆ ಕುಂತಿತ್ತು. ನನ್ನನ್ನು ಅವ್ವ ತಾನಾಗಿ ಕೊಟ್ಟಳೋ, ದೊಡ್ಡವ್ವ ಬೇಡಿ ತಂದಳೋ?

ದೊಡ್ಡವ್ವನನ್ನು ಕೇಳಿದರೆ, "ನಾನ ಸೆರಗ ಒಡ್ಡಿ ಬೇಡಿದ್ನೆವಾ. ನಿನ್ನ ಕಳಿಸಿದ ಮ್ಯಾಲೆ ಅಕಿ ಊಟ ಬಿಟ್ಟಿದ್ಲಂತ" ಅನ್ನುತ್ತಿದ್ದಳು. ಪಕ್ಕದ ಮನೆಯ ನೀಲಕ್ಕ ಬೇರೆಯೇ ಹೇಳುತ್ತಿದ್ದಳು. "ಬೇಡೂದೆಲ್ಲಿ ಬಂತ? ಮನ್ಯಾಗ ಹೆಣ್ಣ ಹೆಚ್ಚಾಗಿದ್ವು, ತಾನ ತಂದು ಬಿಟ್ಟು ಹ್ವಾದ್ಲು. ಹೊಳ್ಳಿ ಸೈತ ನೋಡ್ಲಿಲ್ಲ."

ಗಣಪನ ಹಬ್ಬ ಬಂತು. ನಮ್ಮ ಕಡೆ ಎಲ್ಲರಿಗೂ ಗೊತ್ತು, ಗಣಪ ಕಡುಬು ತಿಂದು ಹೋಗಿ ಶಿವನಿಗೆ ಭೂಮಿಯ ಮೇಲೆ ಎಲ್ಲರೂ ಸುಖವಾಗಿದ್ದಾರೆ ಅನ್ನುತ್ತಾನೆ. ಹಿಂದೆಯೇ ಬರುವ ಜೋಕುಮಾರ ಮನೆಮನೆ ತಿರುಗಿ, ಇಲ್ಲ, ಅಳುವವರೇ ಬಹಳ ಅನ್ನುತ್ತಾನೆ. ನನಗೆ ದಿಗಿಲು ಹತ್ತಿತು. ತುಟಿಗೆಲ್ಲ ತುಪ್ಪ ಬಳಿದುಕೊಂಡು ನಾನು ಕಡುಬು ತಿಂದದ್ದನ್ನು ಗಣಪ ನೋಡಿ ಹೋಗಿದ್ದ.

ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಕೂರಿಸಿಕೊಂಡು ಗೌರಮ್ಮಾಯಿ ಬಂದಳು. ಸುತ್ತಲಿನ ಊರಿಗೆಲ್ಲ ಅವಳೇ ಹೊತ್ತು ತರುತ್ತಿದ್ದಳು. ದೊಡ್ಡವ್ವ ಜೋಳ ತರಲು ಒಳಗೆ ಹೋದಾಗ ನಾನು ಬೆಣ್ಣೆಯ ಮುದ್ದೆ ತಂದು ದೇವರ ಬಾಯಿಗೆ ಮೆತ್ತಿ, "ನಮ್ಮವ್ವಗ ಹೇಳು, ಬಂದು ಕರಕೊಂಡು ಹೋಗಂತ" ಎಂದೆ.

"ಏ ಹುಡಿಗಿ, ಮೂಗಿಗೂ ಮೆತ್ತಿದೆಲ್ಲ, ಉಸಿರಾಡಬೇಕೋ ಬ್ಯಾಡೋ ಅಂವ?" ಎಂದು ಗೌರಮ್ಮಾಯಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಇಂವ ಹೋಗೂದು ಶಿವನ ಕಡೆ, ನಿಮ್ಮವ್ವನ ಕಡೆ ಅಲ್ಲವಾ" ಅಂದಳು.

"ಆಯೀ, ಗಣಪಾ ಜೋಕುಮಾರ ಇಬ್ಬರೊಳಗ ಸುಳ್ಳ ಹೇಳಾಂವ ಯಾರು?"

"ಯಾರೂ ಅಲ್ಲ ನನ್ನವ್ವ. ಅಂವ ನೀ ಉಣ್ಣೂಮುಂದ ನೋಡಿದ, ಇಂವ ನೀ ಅಳೂಮುಂದ ನೋಡಿದ. ಎರಡೂ ಖರೇನ."

ಎರಡು ದಿನ ಬಿಟ್ಟು ಅವ್ವ ಬಂದಳು. ಗೌರಮ್ಮಾಯಿ ಹೇಳಿದ್ದಳೋ, ತಾನೇ ಬಂದಳೋ, ಅದೂ ನನಗೆ ಗೊತ್ತಾಗಲಿಲ್ಲ. ಹಳ್ಳಕ್ಕೆ ಕೆಂಪು ನೀರು ಬಂದಿತ್ತು, ಅವಳ ಸೀರೆ ಸೊಂಟದವರೆಗೆ ತೊಯ್ದಿತ್ತು. ಕೈಯಲ್ಲಿ ಒಂದು ಕಂಚಿನ ಬಟ್ಟಲು.

"ಹೆಪ್ಪ ಬೇಕಾಗಿತ್ತಕ್ಕಾ. ನಮ್ಮನಿ ಹಾಲು ಒಡದ್ವು."

ದೊಡ್ಡವ್ವ ಅವಳನ್ನೇ ನೋಡಿದಳು. "ನಿಮ್ಮೂರಾಗ ಒಬ್ಬರ ಮನ್ಯಾಗೂ ಹೆಪ್ಪ ಇರಲಿಲ್ಲೇನ, ಹಳ್ಳ ಈಸಿ ಬರಾಕ?" ಅಂದಳು. ಆದರೆ ಒಣಸೀರೆ ಕೊಟ್ಟಳು, ಬಟ್ಟಲಿಗೆ ಹೆಪ್ಪು ಹಾಕಿಟ್ಟು ರೊಟ್ಟಿ ಬಡಿಯಲು ಕುಂತಳು. ನಡುನಡುವೆ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದಳು. ಎಲ್ಲಿ ನನ್ನನ್ನು ತಿರುಗಿ ಒಯ್ಯುತ್ತಾಳೋ ಎಂಬ ಅಂಜಿಕೆ ಅವಳಿಗೆ.

ಅವ್ವ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ನಾನು ಕೇಳಿಯೇ ಬಿಟ್ಟೆ. "ಚಿಗವ್ವಾ, ನನ್ನ ನೀನ ಕೊಟ್ಟ್ಯೋ, ಅವ್ವ ಬೇಡಿದ್ಲೋ?"

ತಲೆಯಲ್ಲಿ ಹಣಿಗೆ ನಿಂತಿತು. ಒಲೆಯ ಮುಂದೆ ದೊಡ್ಡವ್ವನ ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು. ಹಣಿಗೆ ಮತ್ತೆ ಆಡಿತು.

"ಹೇನ ಭಾಳ ಆಗ್ಯಾವು. ತಲಿ ಅಲ್ಲಾಡಿಸಬ್ಯಾಡ" ಅಂದಳು ಅವ್ವ.

ಜಡೆಯನ್ನು ಎಷ್ಟು ಬಿಗಿಯಾಗಿ ಹೆಣೆದಳೆಂದರೆ ಕಣ್ಣು ಮೇಲಕ್ಕೆ ಜಗ್ಗಿದವು. ತೊಯ್ದ ಸೀರೆ ಒಣಗುವ ಮೊದಲೇ ಅದನ್ನೇ ಉಟ್ಟು ಹೊರಟಳು. ಅವಳು ಹೋದ ಮೇಲೆ ನೋಡಿದರೆ ಹೆಪ್ಪಿನ ಬಟ್ಟಲು ಕಟ್ಟೆಯ ಮೇಲೆ ಹಾಗೇ ಇತ್ತು. ಅದನ್ನು ಎತ್ತಿಕೊಂಡು ಹಳ್ಳದ ತನಕ ಓಡಿದೆ. ಅವಳು ನಡುನೀರಿನಲ್ಲಿದ್ದಳು.

"ಚಿಗವ್ವಾ! ಚಿಗವ್ವಾ, ಹೆಪ್ಪಾ!"

ಅವಳು ಹೊಳ್ಳಿ ನೋಡಲಿಲ್ಲ. ಆಚೆ ದಂಡೆ ಹತ್ತಿ, ಸೀರೆ ಹಿಂಡಿಕೊಂಡು, ಜೋಳದ ಹೊಲದೊಳಗೆ ಹೋದಳು. ನೀರಿನ ಸಪ್ಪಳಕ್ಕೆ ಕೇಳಿಸಲಿಲ್ಲವೋ? ಕೇಳಿಯೂ ನೋಡಲಿಲ್ಲವೋ? ಅವ್ವಾ ಎಂದು ಕರೆದಿದ್ದರೆ ನೋಡುತ್ತಿದ್ದಳೋ? ನಾನು ಕರೆಯಲಿಲ್ಲ. ಕರೆಯಬಾರದು ಎಂದು ಹೇಳಿದ್ದರಲ್ಲ. ನೆನೆದ ಮಣ್ಣಿನಲ್ಲಿ ಕುಂತು ಬಟ್ಟಲಿನ ಹೆಪ್ಪನ್ನು ಬೆರಳಿನಿಂದ ನೆಕ್ಕಿದೆ. ಹುಳಿ ಇತ್ತು.

ಮರುವರ್ಷ ಗಣಪ ಬರುವುದರೊಳಗೆ ಅವ್ವ ನಾಲ್ಕನೆಯ ಬಾಣಂತನದಲ್ಲಿ ತೀರಿಕೊಂಡಳು.

ದೊಡ್ಡವ್ವ ನನ್ನನ್ನು ಬೆಳೆಸಿ, ಮದುವೆ ಮಾಡಿ, ನನ್ನ ಬಾಣಂತನವನ್ನೂ ಮಾಡಿದಳು. ಹಾಸಿಗೆ ಹಿಡಿದಾಗ ಮತ್ತೆ ಕೇಳಿದೆ. ಒಂದು ದಿನ "ನಾನ ಬೇಡಿದ್ನಿ" ಅಂದಳು. ಇನ್ನೊಂದು ದಿನ, "ಅಕಿನ ತಂದು ಉಡಿಯಾಗ ಹಾಕಿದ್ಲವಾ, ನಾ ಏನ ಮಾಡ್ಲಿ" ಅಂದಳು. ಎರಡು ಸಲವೂ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಬಹಳ ವರ್ಷ ನಾನು ಒಂದನ್ನು ಖರೆ ಮಾಡಿ ಇನ್ನೊಂದನ್ನು ಸುಳ್ಳು ಮಾಡಲು ಒದ್ದಾಡಿದೆ. ಆಮೇಲೆ ಬಿಟ್ಟೆ. ಬಿಟ್ಟ ಮೇಲೆಯೇ ನೀಲಕ್ಕನ ಮೇಲಿನ ಸಿಟ್ಟು ಹೋಯಿತು, ಇಬ್ಬರು ಅವ್ವಂದಿರನ್ನೂ ಒಟ್ಟಿಗೆ ನೆನೆಯಲು ಬಂತು. ನೋವು ಮಾತ್ರ ಹೋಗಲಿಲ್ಲ.

ಮೊನ್ನೆ ಆಸ್ಪತ್ರೆಯಲ್ಲಿ ಮಗಳಿಗೆ ಅಂದೆ, "ಒಂದ ಗಳಿಗಿ ಕೊಡವಾ ಕೂಸಿನ್ನ."

"ಈಗರ ಮಲಗೇತಿ ಯವ್ವಾ, ಆಮ್ಯಾಲೆ ತಗೊ."

"ನಿನ್ನ ಹಡದಾಕಿ ನಾ. ಎತಗೊಂಡು ಓಡಿ ಹೋಗ್ತೇನೇನ?"

ನಕ್ಕಳು, ಆದರೆ ಕೂಸನ್ನು ಕೊಡಲಿಲ್ಲ. ಎದೆಗೆ ಇನ್ನಷ್ಟು ಒತ್ತಿಕೊಂಡಳು. ನಾನೂ ನಕ್ಕೆ. ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಒಂದು ಗಳಿಗೆ ಕೂಸನ್ನು ಕೊಡಲು ಇಷ್ಟು ಆಗುವುದಾದರೆ, ಅಂದು ನಡುನೀರಿನಲ್ಲಿ ಬೆನ್ನು ಮಾಡಿ ಹೋಗುತ್ತಿದ್ದ ಅವ್ವನಿಗೆ ಏನಾಗಿತ್ತೋ. ಅಥವಾ ಏನೂ ಆಗಿರಲಿಲ್ಲವೋ.

ಈಗ ನಮ್ಮ ಊರಿಗೆ ಜೋಕುಮಾರ ಬರುವುದಿಲ್ಲ. ಗೌರಮ್ಮಾಯಿಯ ಹಿಂದೆ ಬುಟ್ಟಿ ಹೊರುವವರು ಹುಟ್ಟಲಿಲ್ಲ. ಮೊಸರು ಪಾಕೀಟಿನಲ್ಲಿ ಬರುತ್ತದೆ, ಹೆಪ್ಪು ಕೇಳಿಕೊಂಡು ಯಾರೂ ಯಾರ ಬಾಗಿಲಿಗೂ ಬರುವುದಿಲ್ಲ. ಹಳ್ಳಕ್ಕೆ ಸೇತುವೆ ಆಗಿದೆ. ಎಂಥ ಮಳೆಯಲ್ಲೂ ಕಾಲು ತೊಯ್ಯದೆ ಆಚೆ ದಂಡೆಗೆ ಹೋಗಿ ನಿಲ್ಲಬಹುದು. ಹೋಗಿ ನಿಂತರೆ ಅವ್ವಾ ಅನ್ನಲಿಕ್ಕೂ ಯಾರಿಲ್ಲ, ಚಿಗವ್ವಾ ಅನ್ನಲಿಕ್ಕೂ ಯಾರಿಲ್ಲ.