ಪಾಸಮ್ ತಂಡದ ದ್ವಾರಪಾಲಕಿ

ನಮ್ಮ ವೆಸ್ಟ್‌ಮೀಡಿನ ಬಾಡಿಗೆ ಫ್ಲ್ಯಾಟಿಗೆ ಬಂದ ನೆಂಟರಿಗೆ ಕಾಫಿ ಕೊಡುವ ಮೊದಲೇ ನಾನು ಒಂದು ಮಾತು ಹೇಳಿಬಿಡುತ್ತಿದ್ದೆ: ಬಾತ್‌ರೂಮಿನ ಚಿಲಕ ಮುರಿದಿದೆ, ಒಳಗಿರುವಷ್ಟು ಹೊತ್ತು ಯಾವುದಾದರೂ ಹಾಡು ಹೇಳಿಕೊಳ್ಳುತ್ತಿರಿ. ಹೀಗಾಗಿ ಸಿಡ್ನಿಯ ನಮ್ಮ ಪರಿಚಯಸ್ಥರಲ್ಲಿ ಯಾರಿಗೆ ಶ್ರುತಿಜ್ಞಾನವಿದೆ, ಯಾರಿಗೆ ಅದರ ಗಾಳಿಯೂ ಸೋಕಿಲ್ಲ ಎಂಬುದನ್ನು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಹೆಬ್ಬೆರಳಿನಷ್ಟುದ್ದದ ಅಲ್ಯುಮಿನಿಯಮ್ ತುಂಡು ಅದು, ಹೊಸತು ಹಾಕಿಸಲು ಅರ್ಧ ಗಂಟೆ ಸಾಕಿತ್ತು. ಆದರೂ ಎಷ್ಟೋ ತಿಂಗಳು ಹಾಗೇ ಬಿಟ್ಟಿದ್ದೆ, ಏಕೆಂದರೆ ಅದು ಮುರಿದದ್ದು ಐಸ್ ಹಾಕಿಯ ಕಾರಣದಿಂದ. ನಗುತ್ತೀರೇನು? ನಗಿ, ಆದರೆ ಪೂರ್ತಿ ಕೇಳಿ.

ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಇದ್ದದ್ದು ಎರಡೇ ಬಾಗಿಲು, ಆದರೆ ಅವುಗಳ ಬಗ್ಗೆ ನಮ್ಮಜ್ಜಿ ಮಾಡಿದ್ದ ಕಾನೂನುಗಳು ರೈಲ್ವೆ ಇಲಾಖೆಯ ಕಾನೂನುಗಳಿಗಿಂತ ಹೆಚ್ಚಿದ್ದವು. ಹೊಸಿಲು ತುಳಿಯಬಾರದು, ದಾಟಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಬಂದವರು ಯಾರೇ ಆಗಲಿ, ಬಾಗಿಲಲ್ಲಿ ನಿಲ್ಲಿಸಿಕೊಂಡು ಮಾತಾಡಿಸಬಾರದು, ಒಳಗೆ ಕರೆದು ಮೊದಲು ನೀರು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗೂ ‘ಹೋಗು’ ಎನ್ನಬಾರದು, ‘ಹೋಗಿ ಬಾ’ ಎನ್ನಬೇಕು. ಈ ವಿದ್ಯೆಯೆಲ್ಲ ಸಮುದ್ರದಾಚೆ ಒಂದು ಹಿಮದಂಗಳದ ಪಕ್ಕದಲ್ಲಿ ನನ್ನ ಮಾನವನ್ನು ಒಮ್ಮೆ ಕಳೆದು ಒಮ್ಮೆ ಉಳಿಸುತ್ತದೆಂದು ಅಜ್ಜಿಗೂ ತಿಳಿದಿರಲಾರದು.

ಸಿಡ್ನಿಗೆ ಬಂದ ಮೇಲೆ ನನಗೆ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಪಕ್ಕದ ಮೇಜಿನ ಮರಿಯನ್ ಆರಡಿ ಎತ್ತರದ, ಹತ್ತು ಜನರಷ್ಟು ನಗುವ ಹೆಂಗಸು. ‘ಪಾಸಮ್ಸ್’ ಎಂಬ ಐಸ್ ಹಾಕಿ ತಂಡದ ನಾಯಕಿ. ಪಾಸಮ್ ಎಂದರೆ ಇಲ್ಲಿನ ಮನೆಗಳ ಸೂರಿನ ಮೇಲೆ ದಡಬಡ ಓಡಾಡುವ, ನಾಚಿಕೆಯಿಲ್ಲದ ಒಂದು ಪ್ರಾಣಿ. ಗಂಡಸರು ಹೆಂಗಸರು ಬೆರೆತು ಆಡುವ ಕೆಳದರ್ಜೆಯ ಲೀಗಿನಲ್ಲಿ ಈ ತಂಡವಿತ್ತು. ನರ್ಸುಗಳು, ಇಬ್ಬರು ಮೇಷ್ಟರು, ಒಬ್ಬ ಬೇಕರಿಯವ, ಜೊತೆಗೆ ಡೇವ್ ಎಂಬ ಪ್ಲಂಬರ್. ಡೇವ್ ಎರಡು ವರ್ಷ ಕೆನಡಾದಲ್ಲಿ ಕೊಳಾಯಿ ರಿಪೇರಿ ಮಾಡಿ, ಬರುವಾಗ ಈ ಆಟದ ಹುಚ್ಚನ್ನು ಹೊತ್ತು ತಂದಿದ್ದ. ತಂಡ ಕಟ್ಟಿದವನೂ ಅವನೇ. ಒಳ್ಳೆಯ ಹೊತ್ತೆಲ್ಲ ಹಿಮನರ್ತನ ಕಲಿಯುವ ಮಕ್ಕಳ ಪಾಲಾಗಿದ್ದರಿಂದ ಇವರ ಅಭ್ಯಾಸ ಬೆಳಗಿನ ಐದೂವರೆಗೆ. ಕಾಗೆ ಕೂಡ ಏಳದ ಹೊತ್ತಿನಲ್ಲಿ ಎದ್ದು ಬಂದು ಇವರು ವರ್ಷವರ್ಷವೂ ಶ್ರದ್ಧೆಯಿಂದ ಸೋಲುತ್ತಿದ್ದರು. ಅದರಲ್ಲೂ ವರ್ಷಕ್ಕೊಮ್ಮೆ ಮೆಲ್ಬರ್ನಿನ ಒಂದು ತಂಡದ ಜೊತೆ, ಒಂದು ವರ್ಷ ಇಲ್ಲಿ ಇನ್ನೊಂದು ವರ್ಷ ಅಲ್ಲಿ, ಒಂದು ಮರದ ಶೀಲ್ಡಿಗಾಗಿ ನಡೆಯುವ ಪಂದ್ಯವನ್ನು ಪಾಸಮ್‌ಗಳು ಒಮ್ಮೆಯೂ ಗೆದ್ದಿರಲಿಲ್ಲ.

ತಂಡದ ಗೇಟು ತೆಗೆಯುವವರು ಪರ್ತ್‌ಗೆ ವರ್ಗವಾಗಿ ಹೋದರೆಂದು ಮರಿಯನ್ ನನ್ನನ್ನು ಕರೆದಳು. ಗೇಟು ತೆಗೆಯುವುದೂ ಒಂದು ಕೆಲಸವೇ ಎಂದುಕೊಂಡು ಎರಡು ಸ್ವೆಟರು, ಒಂದು ಮಂಕಿ ಕ್ಯಾಪು ಧರಿಸಿ ಹೋದೆ. ಕೆಲಸವೆಂದರೆ ಕೆಲಸವೇ, ಸ್ವಾಮಿ! ಈ ಆಟದಲ್ಲಿ ಪೂರಾ ವೇಗದಲ್ಲಿ ಜಾರುವವರ ಉಸಿರು ಒಂದು ನಿಮಿಷವೂ ಬಾಳುವುದಿಲ್ಲ. ಆಟ ನಿಲ್ಲದೆಯೇ ದಣಿದವರು ಒಳಗೆ ಬರುತ್ತಾರೆ, ದಣಿವಾರಿದವರು ಹೊರಗೆ ಹೋಗುತ್ತಾರೆ. ಹಿಮದಂಗಳದ ಸುತ್ತ ಸೊಂಟದೆತ್ತರದ ಗೋಡೆ, ನಮ್ಮ ಬೆಂಚಿನ ಮುಂದೆ ಅದರಲ್ಲಿ ಒಂದು ಪುಟ್ಟ ಬಾಗಿಲು. ಬರುವವರಿಗೆ ಸರಿಯಾಗಿ ಅದನ್ನು ತೆಗೆಯಬೇಕು, ಕಣ್ಣು ಮಿಟುಕಿಸುವುದರೊಳಗೆ ಮುಚ್ಚಬೇಕು. ಅದರ ಹೊಸಿಲಿಗೆ ಲೋಹದ ಪಟ್ಟಿ ಬಡಿದಿತ್ತು, ತುಳಿದರೆ ಜಾರುವ ಬೂಟಿನಡಿಯ ಉಕ್ಕಿನ ಅಲಗು ಮೊಂಡಾಗುತ್ತಿತ್ತು. ಅಜ್ಜಿಯ ಕಾನೂನನ್ನು ಇಡೀ ತಂಡ ಪಾಲಿಸುವುದನ್ನು ಕಂಡು ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಹೊರಹೋಗುವ ಪ್ರತಿಯೊಬ್ಬರಿಗೂ ಅಭ್ಯಾಸಬಲದಿಂದ ‘ಹೋಗಿ ಬಾ’ ಎನ್ನತೊಡಗಿದೆ. ಅರ್ಥ ಕೇಳಿದರು. ಹೇಳಿದೆ. ನಿಮಿಷಕ್ಕೊಮ್ಮೆ ಹೋಗಿ ಬರುವುದೇ ಬದುಕಾದವರಿಗೆ ಇದಕ್ಕಿಂತ ಒಪ್ಪುವ ಮಾತು ಇಂಗ್ಲಿಷಿನಲ್ಲಿ ಇಲ್ಲವೆಂದು ಅವರೇ ತೀರ್ಮಾನಿಸಿದರು. ಮರಿಯನ್ ಅಂತೂ ಅದನ್ನು ಕೇಳದೆ ಹೆಜ್ಜೆ ಎತ್ತುತ್ತಿರಲಿಲ್ಲ. ಡೇವ್ ಮಾತ್ರ ಇದೆಲ್ಲ ಸಮಯ ಹಾಳು ಎಂಬಂತೆ ಮುಖ ಗಂಟಿಕ್ಕಿಕೊಂಡೇ ಹೋಗುತ್ತಿದ್ದ.

ಆ ವರ್ಷ ಶೀಲ್ಡಿನ ಪಂದ್ಯ ಸಿಡ್ನಿಯಲ್ಲಿ. ಒಂದು ಗೋಲು ಹಿಂದಿದ್ದೆವು, ಕೊನೆಯ ನಿಮಿಷ. ಮೆಲ್ಬರ್ನಿನ ಒಬ್ಬ ಕೆಂಪುಗಡ್ಡದ ಆಟಗಾರ ಜಾರಿ ಬಂದು ನನ್ನ ಬಾಗಿಲಿಗೆ ಡಿಕ್ಕಿ ಹೊಡೆದ, ಬಾಗಿಲನ್ನೇ ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೇಳಲು ನೋಡಿದ. ಆಗ ನಾನು ಮಾಡಿದ್ದನ್ನು ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ಮಾಡುತ್ತಿದ್ದಳು. ಬಾಗಿಲು ತೆಗೆದೆ. ಪೆಟ್ಟಾಯಿತೇನಪ್ಪಾ ಎಂದು ಅಚ್ಚ ಕನ್ನಡದಲ್ಲಿ ಕೇಳಿ, ನಮ್ಮವರ ನೀರಿನ ಬಾಟಲಿಯನ್ನು ಅವನ ಕೈಗಿಟ್ಟೆ. ಎದುರಾಳಿಯೊಬ್ಬ ಅರ್ಧ ಒಳಗೆ ಅರ್ಧ ಹೊರಗೆ, ಬಾಗಿಲು ಹಾರು ಹೊಡೆದಿದೆ; ಅಪಾಯವೆಂದು ರೆಫರಿ ಸೀಟಿ ಊದಿ ಆಟ ನಿಲ್ಲಿಸಿಬಿಟ್ಟರು. ಅಂಗಳದ ಆ ತುದಿಯಲ್ಲಿ ಮರಿಯನ್ ಒಬ್ಬಳೇ, ಮುಂದೆ ಯಾರೂ ಅಡ್ಡವಿಲ್ಲದೆ, ಈ ಆಟದಲ್ಲಿ ಚೆಂಡಿನ ಬದಲಿಗಿರುವ ಕರಿಯ ರಬ್ಬರ್ ಬಿಲ್ಲೆಯನ್ನು ಗೋಲಿನೊಳಕ್ಕೆ ತಳ್ಳಿ ಕೈ ಎತ್ತಿದ್ದಳು. ಸೀಟಿ ಮೊದಲು, ಗೋಲು ಆಮೇಲೆ. ಲೆಕ್ಕಕ್ಕೆ ಬರಲಿಲ್ಲ. ಸೋತೆವು.

ಯಾರೂ ನನ್ನನ್ನು ಬೈಯಲಿಲ್ಲ, ಅದೇ ಸಂಕಟ. ಡೇವ್ ಹದಿನೈದು ದಿನ ಮಾತು ಬಿಟ್ಟ, ಆಮೇಲೆ ಬೇರೆ ಯಾರನ್ನಾದರೂ ನೋಡೋಣವೇ ಎಂದು ಮರಿಯನ್‌ಳನ್ನು ಕೇಳಿದನಂತೆ. ನನಗೆ ಅಳು ಬಂತು. ಲ್ಯಾಬು ಬಿಟ್ಟರೆ ಇಂಡಿಯನ್ ಅಂಗಡಿ, ಅದು ಬಿಟ್ಟರೆ ವಾರಕ್ಕೊಮ್ಮೆ ಕಾಲಿಂಗ್ ಕಾರ್ಡಿನ ನಂಬರು ಗೀಚಿ ಊರಿಗೆ ಮಾಡುವ ಫೋನು, ಇಷ್ಟೇ ಆಗಿದ್ದ ನನ್ನ ಆಸ್ಟ್ರೇಲಿಯದಲ್ಲಿ ‘ಇದು ನಿನ್ನ ಜಾಗ’ ಎಂದು ಯಾರಾದರೂ ತೋರಿಸಿದ್ದರೆ ಅದು ಎರಡಡಿ ಅಗಲದ ಆ ಬಾಗಿಲು ಮಾತ್ರ. ಅದೂ ಹೋದರೆ? ಮರಿಯನ್ ಮಾತ್ರ, ಮುಂದಿನ ವರ್ಷ ಮೆಲ್ಬರ್ನಿನಲ್ಲೂ ಗೇಟು ಸೂಮಾಳದೇ ಎಂದು ಎಲ್ಲರೆದುರು ಹೇಳಿದಳು. ಸುಮಾ ಎಂಬ ನನ್ನ ಹೆಸರನ್ನು ಆಕೆ ಹಾಗೆ ಎಳೆಯುತ್ತಿದ್ದಳು. ಆ ನಂಬಿಕೆಯ ಭಾರಕ್ಕೆ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಸರಿ, ಮನೆಯಲ್ಲೇ ಅಭ್ಯಾಸ ಶುರುವಾಯಿತು. ನಾನು ಬಾತ್‌ರೂಮಿನ ಒಳಗೆ, ಬಾಗಿಲ ಮೇಲ್ಭಾಗದ ಗಾಜಿನ ಕಿಂಡಿಗೆ ಕಣ್ಣು, ಚಿಲಕದ ಮೇಲೆ ಕೈ. ಚಾಟ್ಸ್‌ವುಡ್ಡಿನ ಆಫೀಸಿನಿಂದ ಬಂದ ನನ್ನ ಯಜಮಾನರು ಪ್ರಕಾಶ್ ಪಡಸಾಲೆಯ ಆ ತುದಿಯಿಂದ ಓಡಿ ಬರಬೇಕು.

“ಈಗಷ್ಟೇ ಟ್ರೇನ್ ಇಳಿದು ಬಂದಿದೀನಿ ಕಣೇ, ಲ್ಯಾಪ್‌ಟಾಪ್ ಆದ್ರೂ ಕೆಳಗಿಡ್ತೀನಿ.”

“ಇಡಬೇಡಿ ರೀ. ಅವರೂ ಮೈತುಂಬಾ ಗೇರ್ ಹಾಕ್ಕೊಂಡೇ ಬರೋದು. ಹೂಂ, ಓಡಿ!”

ಪಾಪ, ಓಡಿದರು. ದಿನಕ್ಕೆ ಇಪ್ಪತ್ತು ಸಲದಂತೆ ತಿಂಗಳುಗಟ್ಟಲೆ ಓಡಿದರು. ನನ್ನ ತಪ್ಪು ಎಲ್ಲಿದೆಯೆಂದು ಕಂಡುಹಿಡಿದವರೂ ಅವರೇ: “ನೀನು ಬರೋರ ಮುಖ ನೋಡ್ತೀಯ, ಸುಮಾ. ಮುಖ ನೋಡಿದ್ರೆ ನಿಂಗೆ ಅಯ್ಯೋ ಅನ್ಸುತ್ತೆ, ತೆಗೆದುಬಿಡ್ತೀಯ. ಅವರ ಹಿಂದೆ ಏನು ಬರ್ತಿದೆ ಅಂತ ನೋಡು.” ಹಾಗೆ ನೋಡಲು ಮೊದಲ ಬಾರಿ ಯತ್ನಿಸಿದ ದಿನ ಬಾಗಿಲು ತೆಗೆಯುವುದು ತಡವಾಗಿ, ನನ್ನ ಗುರುಗಳು ಲ್ಯಾಪ್‌ಟಾಪ್ ಸಮೇತ ಬಂದು ಅಪ್ಪಳಿಸಿದರು. ಅವರ ಮೂಗು ಉಳಿಯಿತು, ಚಿಲಕ ಉಳಿಯಲಿಲ್ಲ.

ಮರುವರ್ಷ ಎರಡು ವ್ಯಾನುಗಳಲ್ಲಿ ಮೆಲ್ಬರ್ನಿಗೆ ಹೋದೆವು. ಬಾಕ್ಸ್ ಹಿಲ್ಲಿನ ಸ್ನೇಹಿತರ ಮನೆಯಲ್ಲಿ ಇಳಿದು, ಅವರು ಮಾಡಿಕೊಟ್ಟ ಉಪ್ಪಿಟ್ಟನ್ನು ನುಂಗಲಾರದೆ ನುಂಗಿ, ಪ್ರಕಾಶ್ ಜೊತೆ ಹಿಮದಂಗಳಕ್ಕೆ ಬಂದೆ. ಕೆಂಪುಗಡ್ಡದವನು ದೂರದಿಂದಲೇ ನೀರಿನ ಬಾಟಲಿ ಎತ್ತಿ ತೋರಿಸಿ ನಕ್ಕ. ನನಗೆ ನಗು ಬರಲಿಲ್ಲ.

ಎರಡು ಎರಡು ಸಮ. ಮುಗಿಯಲು ಅರ್ಧ ನಿಮಿಷವಿದೆ. ಡೇವ್ ಪೂರ್ತಿ ಸೋತುಹೋಗಿ, ಮುಖ ಬೀಟ್‌ರೂಟಾಗಿ, ನನ್ನ ಬಾಗಿಲ ಕಡೆ ಬರುತ್ತಿದ್ದಾನೆ. “ಗೇಟ್! ಗೇಟ್!” ಎಂದು ಕೂಗುತ್ತಿದ್ದಾನೆ. ನನ್ನ ಕೈ ಚಿಲಕಕ್ಕೆ ಹೋಯಿತು. ಮುಖ ನೋಡಬೇಡ ಎಂದುಕೊಂಡೆ. ಅವನ ಭುಜದಾಚೆ ನೋಡಿದೆ. ಕೆಂಪುಗಡ್ಡದವನು ಬಿಲ್ಲೆಯನ್ನು ಗೋಡೆಯ ಗುಂಟ ಬಲವಾಗಿ ಹೊಡೆದಿದ್ದ. ಗೋಡೆಯನ್ನು ಉಜ್ಜಿಕೊಂಡೇ ಅದು ನನ್ನತ್ತ ನುಗ್ಗಿ ಬರುತ್ತಿತ್ತು, ನನ್ನ ಬಾಗಿಲಿನ ಆಚೆ ಬದಿಯಲ್ಲಿ ಅದೇ ಗೋಡೆಯ ಪಕ್ಕ ಮರಿಯನ್ ನಿಂತಿದ್ದಳು. ಬಾಗಿಲು ತೆಗೆದರೆ ಬಿಲ್ಲೆ ನಮ್ಮ ಬೆಂಚಿನಡಿಗೆ ಬಂದು ಆಟ ನಿಲ್ಲುತ್ತದೆ. ಮುಚ್ಚಿದ್ದರೆ ನನ್ನ ಬಾಗಿಲೂ ಗೋಡೆಯೇ.

ಎರಡೂ ಕೈಯಿಂದ ಚಿಲಕವನ್ನು ಅದುಮಿ ಹಿಡಿದೆ. ಎರಡು ಮಾರು ದೂರದಿಂದ ಡೇವ್ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ದಣಿದು ಬಂದವನ ಮುಖದೆದುರು ಬಾಗಿಲು ಬಿಗಿಹಿಡಿದು ನಿಂತದ್ದು ನನ್ನ ಜನ್ಮದಲ್ಲೇ ಅದು ಮೊದಲು. ಅಜ್ಜೀ, ಒಂದೇ ಒಂದು ಉಸಿರು, ಕ್ಷಮಿಸು ಎಂದೆ. ಬಿಲ್ಲೆ ನನ್ನ ಬಾಗಿಲನ್ನು ಟಕ್ಕೆಂದು ಸವರಿಕೊಂಡು ಹಾಯ್ದು ಮರಿಯನ್‌ಳ ಕೋಲಿಗೆ ಸೇರಿತು. ಕೂಡಲೇ ಬಾಗಿಲು ತೆಗೆದೆ. ಡೇವ್ ತಲೆಕೆಳಗಾಗಿ ಬೆಂಚಿನೊಳಗೆ ಬಿದ್ದ, ಅವನ ಬದಲಿಗೆ ಕಾದಿದ್ದವಳು ಹೊಸಿಲು ದಾಟಿ ಹಾರಿದಳು, “ಹೋಗಿ ಬಾ!” ಎಂದು ಕಿರುಚಿದೆ, ಬಾಗಿಲು ಮುಚ್ಚಿದೆ. ಕತ್ತೆತ್ತಿ ನೋಡುವಷ್ಟರಲ್ಲಿ ಮೆಲ್ಬರ್ನಿನವರ ಗೋಲಿನ ಹಿಂದೆ, ಗೋಲಾಯಿತೆಂದು ಸಾರುವ ಕೆಂಪು ದೀಪ ಹತ್ತಿತ್ತು.

ಗೆದ್ದೆವು! ಇಷ್ಟು ವರ್ಷ ಸೋತವರು ಗೆದ್ದರೆ ಹೇಗಿರುತ್ತದೆಂದು ನಿಮಗೆ ಗೊತ್ತೇ? ಬೇಕರಿಯವನು ಗೊಳೋ ಎಂದು ಅತ್ತ. ಪ್ರಕಾಶ್ ಮೇಲಿನ ಸಾಲಿನಿಂದ “ಸುಮಾ! ಸುಮಾ!” ಎಂದು ಕೂಗಿ ಸುತ್ತಲಿನವರನ್ನೆಲ್ಲ ಬೆಚ್ಚಿಬೀಳಿಸಿದರು. ಮರಿಯನ್ ನನ್ನನ್ನು ಮಂಕಿ ಕ್ಯಾಪಿನ ಸಮೇತ ಎತ್ತಿ ಹಿಮದ ಮೇಲಿಟ್ಟು ಶೀಲ್ಡನ್ನು ಕೈಗೆ ಕೊಟ್ಟಳು. ನಾನು ಜಾರಿಬಿದ್ದೆ, ಶೀಲ್ಡನ್ನು ಬಿಡಲಿಲ್ಲ. ಕ್ಲಬ್ಬಿನವರು ಆಮೇಲೆ ಬರೆದ ಚರಿತ್ರೆಯಲ್ಲಿ ಆ ಗೋಲು ಮರಿಯನ್‌ಳದು ಎಂದಿದೆ. ಅದು ನ್ಯಾಯವೇ. ಬಾಗಿಲು ಮುಚ್ಚಿದ್ದವರ ಹೆಸರನ್ನು ಯಾವ ಚರಿತ್ರೆಯೂ ಬರೆದುಕೊಂಡದ್ದಿಲ್ಲ.

ಅದಾದ ಎರಡು ವಾರಕ್ಕೆ, ಕರೆಯದೆಯೇ, ಡೇವ್ ನಮ್ಮ ಮನೆಗೆ ಬಂದ. ಚಿಲಕದ ಕಥೆ ಪ್ರಕಾಶ್ ಬಾಯಿಂದ ಹೊರಬಿದ್ದಿತ್ತು. ಕೈಯಲ್ಲಿ ಹತಾರದ ಪೆಟ್ಟಿಗೆ, ಜೇಬಿನಲ್ಲಿ ಹೊಸ ಚಿಲಕ. ಹತ್ತು ನಿಮಿಷದಲ್ಲಿ ಕೂರಿಸಿ, ಎಳೆದು ತಳ್ಳಿ ಪರೀಕ್ಷಿಸಿ, ಮುರಿದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಅದೀಗ ತಂಡದ ಹಿಮದಂಗಳದ ಗಾಜಿನ ಬೀರುವಿನಲ್ಲಿ, ಶೀಲ್ಡಿನ ಕೆಳಗೆ, ಒಂದು ಮೊಳೆಗೆ ತೂಗುತ್ತಿದೆ. ಕಾಫಿ ಕುಡಿದು ಎದ್ದು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಏನನ್ನೋ ಮರೆತಿರಬೇಕೆಂದು ನಾನೂ ಸುತ್ತ ನೋಡಿದೆ. ಅವನು ಹೋಗಲೊಲ್ಲ. ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ, ನೆಲ ನೋಡುತ್ತ ನಿಂತೇ ಇದ್ದ. ಆಗ ನನಗೆ ಹೊಳೆಯಿತು.

“ಹೋಗಿ ಬಾ, ಡೇವ್,” ಎಂದೆ.

ಅವನು ತಲೆಯಾಡಿಸಿ, ನಮ್ಮ ಹೊಸಿಲನ್ನು ತುಳಿಯದೆ ದಾಟಿ ಹೋದ.