ಹಾಲೇಶನ ಅಂಗೈಗೆ ಸಿಗದ ಸದ್ದು

ಕಂಪ್ಲಿಯಲ್ಲಿ ಮೋಟಾರ್ ರಿಪೇರಿ ಮಾಡುವ ಹಾಲೇಶನಿಗೆ ಎದುರು ನಿಂತು ಜೋರಾಗಿ ಮಾತಾಡಿದರಷ್ಟೇ ಕೇಳುತ್ತದೆ. ಸಂಡೂರಿನ ಕಡೆ ಕಲ್ಲು ಪುಡಿ ಮಾಡುವ ಒಂದು ಕ್ರಷರ್‌ನಲ್ಲಿ ಹದಿನಾಲ್ಕು ವರ್ಷ ದುಡಿದು, ಸಣ್ಣ ಸದ್ದುಗಳನ್ನೆಲ್ಲ ಅಲ್ಲೇ ಕಳೆದುಕೊಂಡಿದ್ದ. ಇದನ್ನು ಗಿರಾಕಿಗಳಿಗೆ ಹೇಳಿಕೊಂಡವನಲ್ಲ. ಸದ್ದಿನ ಬದಲು ನಡುಕ ತಿಳಿಯಲು ಮೋಟಾರಿನ ಮೇಲೆ ಅಂಗೈ ಇಟ್ಟು ಅವನು ಕಣ್ಣು ಮುಚ್ಚಿದರೆ ಜನ ಅದನ್ನು ಕಸುಬಿನ ಗತ್ತು ಅಂದುಕೊಳ್ಳುತ್ತಿದ್ದರು. ಅವನೂ ಹಾಗೇ ಬಿಟ್ಟಿದ್ದ.

ಕಳೆದ ವರ್ಷ ಎಮ್ಮಿಗನೂರಿನ ವಿರುಪಮ್ಮ ಹೇಳಿ ಕಳಿಸಿದಳು. ಆಕೆಯೂ ಗಂಡ ಗುಡ್ಡಪ್ಪನೂ ಮನೆಯ ಹಿಂದೆ ಕುಲುಮೆ ನಡೆಸುತ್ತಾರೆ. ಭತ್ತದ ಕೊಯ್ಲು ಶುರುವಾಗಿತ್ತು, ಹದ ಹಾಕಿಸಲು ಬಂದ ಕುಡುಗೋಲುಗಳು ರಾಶಿ ಬಿದ್ದಿದ್ದವು. ಬೆಂಕಿಗೆ ಗಾಳಿ ಊದುವ ಬ್ಲೋವರ್ ಮಾತ್ರ ನಿಂತುಹೋಗಿತ್ತು.

“ಮೋಟ್ರು ಸುಟ್ಟೈತಿ, ಹೊಸಾದು ತರ್ರಿ ಅಂದ್ರು ಒಬ್ರು” ಎಂದಳು ವಿರುಪಮ್ಮ.

ಹಾಲೇಶ ಸ್ವಿಚ್ ಹಾಕಿ ಕೈಯಿಟ್ಟ. ಮೋಟಾರ್ ನಡುಗುತ್ತಿತ್ತು, ಫ್ಯಾನ್ ತಿರುಗುತ್ತಿರಲಿಲ್ಲ. ಪ್ಲಗ್ ಕಿತ್ತು ಫ್ಯಾನನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ಸುತ್ತಿತು. ಹಾಗಾದರೆ ಸುಟ್ಟಿಲ್ಲ, ಬಿಗಿದುಕೊಂಡೂ ಇಲ್ಲ. ಮೋಟಾರಿಗೆ ಮೊದಲ ತಳ್ಳು ಕೊಟ್ಟು ಎಬ್ಬಿಸುವ ಕೆಪಾಸಿಟರ್ ಸತ್ತಿದೆ. ಬೇರೆಯದು ಹಾಕಿದ. ಗಾಳಿ ನುಗ್ಗಿ ಇದ್ದಿಲು ಕೆಂಪಾಯಿತು. ಅವನು ಸಾಮಾನು ಕಟ್ಟತೊಡಗಿದ.

“ಅಣ್ಣಾ, ಕಿರ್ ಕಿರ್ ಅನ್ನಾಕತ್ತೈತಲ್ಲ?” ವಿರುಪಮ್ಮ ಎದುರು ಬಂದು ಜೋರಾಗಿ ಕೇಳಿದಳು.

“ಮೊದ್ಲು ಹಂಗ ಅಂತೈತಿ. ಆಮ್ಯಾಲೆ ಸರಿ ಹೋಗತೈತಿ ಬಿಡವ್ವ.” ಅವನಿಗೆ ಏನೂ ಕೇಳಿಸಿರಲಿಲ್ಲ.

ಆಕೆ ಅವನ ಮುಖವನ್ನೇ ನೋಡಿದಳು. “ಖರೇ ಹೇಳ್ರಿ, ನಿಮಗ ಅದು ಕೇಳಿಸ್ತೈತೇನು?”

ಹಾಲೇಶ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟ. “ಇಲ್ಲವ್ವ. ನನಗ ಕಿವಿ ಕೇಳಂಗಿಲ್ಲ.” ಇನ್ನು ಈಕೆ ಎದ್ದು ಹೋಗು ಅನ್ನುತ್ತಾಳೆ ಎಂದು ಕಾದ.

ವಿರುಪಮ್ಮ ಸೆರಗು ಸಿಕ್ಕಿಸಿ ಬ್ಲೋವರ್ ಪಕ್ಕ ಕುಕ್ಕರಗಾಲಲ್ಲಿ ಕೂತಳು. “ಹಂಗಾರ ನಾ ಕೇಳ್ತೀನಿ. ನೀವು ಬಿಚ್ರಿ.”

ಫ್ಯಾನಿನ ಅಂಚು ಹೊರಗಿನ ತಗಡಿಗೆ ಸವರುತ್ತಿತ್ತು, ಅಂಗೈಗೆ ಸಿಗದಷ್ಟು ಸಣ್ಣಗೆ. ಕರೆಂಟ್ ತೆಗೆದು, ಬೋಲ್ಟ್ ಸಡಿಲಿಸಿ, ತಗಡನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಸ್ವಿಚ್ ಹಾಕಿದ. ಆಕೆ ತಲೆಯಾಡಿಸಿದಳು, ಇನ್ನೂ ಐತಿ. ಇನ್ನೊಮ್ಮೆ ಸರಿಸಿದ. ಮೂರನೆಯ ಸಲ ಸಾಕು ಎಂದು ಕೈ ಎತ್ತಿದಳು.

ಅವತ್ತಿನಿಂದ ಅವನು ಅಂಗಡಿಗೆ ಬಂದವರಿಗೆ ಮೊದಲೇ ಹೇಳುತ್ತಾನೆ: “ನನಗ ಕೇಳಂಗಿಲ್ಲ, ಸಪ್ಪಳ ಹೆಂಗೈತಿ ನೀವಾ ಹೇಳ್ರಿ.” ಕೆಲವರು ಮೋಟಾರ್ ಎತ್ತಿಕೊಂಡು ಹೊರಟುಬಿಡುತ್ತಾರೆ, ಅವತ್ತೆಲ್ಲ ಮನಸ್ಸು ಮುದುಡುತ್ತದೆ. ಉಳಿದವರು ಅವನ ಮುಖಕ್ಕೆ ಮುಖ ಕೊಟ್ಟು, ಕೆನ್ನೆ ಉಬ್ಬಿಸಿ, ಗುರ್ರ್ ಎಂದೋ ಟಕಟಕ ಎಂದೋ ಮಾಡಿ ತೋರಿಸುತ್ತಾರೆ. ಮೊನ್ನೆ ಭೀಮವ್ವ ಎಂಬ ಮುದುಕಿ ತನ್ನ ಕೂಲರಿನ ಸದ್ದು ಮಾಡಲು ಹೋಗಿ ತಾನೇ ನಕ್ಕುಬಿಟ್ಟಳು. ಅವನಿಗೂ ನಗು ತಡೆಯಲಾಗಲಿಲ್ಲ.