ಬೆಟ್ಟಸ್ವಾಮಿಯ ಬಿಸಿನೀರ ತೊಟ್ಟಿ

ತಿಪಟೂರಿನಾಚೆಯ ಒಂದು ತೆಂಗಿನಕಾಯಿ ಪುಡಿ ಫ್ಯಾಕ್ಟರಿಯಲ್ಲಿ ಬೆಟ್ಟಸ್ವಾಮಿ ಇಪ್ಪತ್ತಾರು ವರ್ಷದಿಂದ ಬಿಸಿನೀರ ತೊಟ್ಟಿ ಕಾಯುತ್ತಿದ್ದ. ಸಿಪ್ಪೆ ಹೆರೆದ ಕಾಯಿಹೋಳಿನ ಬುಟ್ಟಿಯನ್ನು ಕ್ರಿಮಿ ಸಾಯಲೆಂದು ತೊಟ್ಟಿಗೆ ಇಳಿಸಿದೊಡನೆ ಬಾಯಿಗೆ ಎಲೆಅಡಿಕೆ ಹಾಕುವುದು, ಅದು ಮುಗಿದಾಗ ಹೊರಗೋಡಿ ಉಗಿದು ಬಂದು ಬುಟ್ಟಿ ಎತ್ತುವುದು. ಇದೇ ಅವನ ಗಡಿಯಾರ. ಅವನು ಉಗಿದ ಮೇಲೇ ಸ್ಟೇಷನ್ನಿನಲ್ಲಿ ರೈಲು ಹೊರಡುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಹೋಗಲಿ, ರೈಲು ತಡ ಎಂಬುದಂತೂ ಸ್ಟೇಷನ್ ಮಾಸ್ತರಿಗಿಂತ ಮೊದಲು ಅವನಿಗೇ ತಿಳಿಯುತ್ತಿತ್ತು.

ಅಂಥವನ ತೊಟ್ಟಿಯಿಂದೆದ್ದ ಕಾಯಿಯಲ್ಲಿ ಎರಡು ತಿಂಗಳಿಂದ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಜೀವಂತವಾಗಿ ಸಿಗತೊಡಗಿತು. ಮಾಲು ಮೂರು ಸಲ ವಾಪಸ್ಸು ಬಂತು.

"ಇನ್ನೊಂದು ರಿಪೋರ್ಟ್ ಕೆಟ್ರೆ ತೊಟ್ಟಿ ಬುಟ್ಟು ಗೇಟ್ ಕಾಯ್ಬೇಕಾಯ್ತದೆ, ನೋಡು!" ಎಂದು ಸಾಹುಕಾರ ಕಾಂತೇಶ್ ಕೂಗಾಡಿದರು.

"ಗೇಟಿಗೆ ನಾಯಿ ಐತಲ್ಲ ಸಾವ್ಕಾರ್ರೇ, ಅದ್ರ ಕೆಲ್ಸ ನಾನ್ಯಾಕೆ ಕಿತ್ಕಳ್ಳಲಿ?" ಎಂದನಾದರೂ ಬೆಟ್ಟಸ್ವಾಮಿ ನೇರ ಲ್ಯಾಬಿಗೆ ನಡೆದ.

ಲ್ಯಾಬಿನ ಪವಿತ್ರಾ ತೊಟ್ಟಿಗೆ ಥರ್ಮಾಮೀಟರ್ ಇಳಿಸಿ ಬಿಸಿ ನೋಡಿದಳು. ಬಿಸಿ ಸರಿಯಾಗೇ ಇತ್ತು. ಕಂಪ್ಯೂಟರಿನಲ್ಲಿ ಇಳಿಜಾರಿನ ಗೆರೆಯೊಂದನ್ನು ಎಳೆದು ತೋರಿಸಿದಳು.

"ನೋಡಿ ಬೆಟ್ಟಸ್ವಾಮಣ್ಣ, ಒಂದು ನಿಮಿಷಕ್ಕೆ ಹತ್ತು ಬ್ಯಾಕ್ಟೀರಿಯಾದಲ್ಲಿ ಒಂಬತ್ತು ಸಾಯ್ತವೆ. ಮುಂದಿನ ನಿಮಿಷ, ಉಳಿದಿದ್ರಲ್ಲಿ ಮತ್ತೆ ಹತ್ತಕ್ಕೆ ಒಂಬತ್ತು. ಹಿಂಗೆ ಎಂಟು ನಿಮಿಷ ಬೇಕು."

"ನಂದೂ ಎಂಟೇ ಕಣವ್ವ. ಗಡಿಯಾರ ತಪ್ಪಿದ್ರೂ ನನ್ ದವಡೆ ತಪ್ಪಲ್ಲ."

ಅವಳು ಮೊಬೈಲ್ ಹಿಡಿದು ಪಕ್ಕದಲ್ಲೇ ಕೂತಳು. ಅವನು ಉಗಿಯಲು ಎದ್ದಾಗ ಆಗಿದ್ದು ಐದೇ ನಿಮಿಷ.

"ಐದಕ್ಕೆ ತೆಗುದ್ರೆ ಲಕ್ಷಕ್ಕೊಂದು ಬದುಕ್ತದೆ ಅಣ್ಣ. ಎಲ್ಲಿ, ಬಾಯಿ ತೆಗೀರಿ."

ಎಡಗಡೆ ಎರಡು ದವಡೆ ಹಲ್ಲು ಇರಲಿಲ್ಲ.

"ಯುಗಾದಿ ಕಳುದ್ಮೇಲೆ ಕೀಳಿಸ್ದೆ, ಎರಡು ತಿಂಗ್ಳಾಯ್ತು. ಅಡಿಕೆ ಅಗಿಯಕ್ಕಾಗಲ್ಲ ಅಂತ ಬರೀ ಎಲೆ, ಸುಣ್ಣ..." ಅಡಿಕೆಯಿಲ್ಲದ ಎಲೆ ಬೇಗ ಮುಗಿಯುತ್ತಿತ್ತು. ಮೂರು ನಿಮಿಷದ ಕಳ್ಳ ಯಾರೆಂದು ಅವನಿಗೇ ಹೊಳೆದಿತ್ತು.

ಗೋಡೆಗೆ ಟೈಮರ್ ಬಂತು. ಎಂಟು ನಿಮಿಷಕ್ಕೆ ಅದು ಕಿರುಚಿದಾಗ ಬೆಟ್ಟಸ್ವಾಮಿ ಕೇಳಿದ, "ಈಗ ಒಂದೂ ಉಳ್ದಿಲ್ವಾ?"

"ಲೆಕ್ಕದಲ್ಲಿ ಸೊನ್ನೆ ಬರೋದೇ ಇಲ್ಲ ಅಣ್ಣ. ಹತ್ತು ಕೋಟೀಲಿ ಒಂದು ಉಳೀಬೋದು."

"ಹಂಗಾದ್ರೆ ತಡಿ." ಅವನು ಸೊಂಟಕ್ಕೆ ಕೈಯಿಟ್ಟು ನಿಂತ. "ಅಷ್ಟು ಜನ ಸತ್ರೂ ಸಾಯ್ದೆ ಕುಂತವ್ನಲ್ಲ, ಅವ್ನಿಗೆ ಇನ್ನೊಂದು ನಿಮಿಷ."

ವಾರಕ್ಕೆ ರಿಪೋರ್ಟ್ ಬಂತು: ಬ್ಯಾಕ್ಟೀರಿಯಾ ಕಂಡುಬಂದಿಲ್ಲ. "ಉಳ್ಕಂಡೆ ಕಣಯ್ಯ!" ಎಂದು ಕಾಂತೇಶ್ ಬೆನ್ನು ತಟ್ಟಿದರು.

"ಕಂಡಿಲ್ಲ ಅಂದವ್ರೆ ಸಾವ್ಕಾರ್ರೇ, ಇಲ್ಲ ಅಂದಿಲ್ಲ," ಎನ್ನುತ್ತ ಬೆಟ್ಟಸ್ವಾಮಿ ಮುಂದಿನ ಬುಟ್ಟಿಯನ್ನು ತೊಟ್ಟಿಗೆ ಇಳಿಸಿದ.